ಹಣೆಗೆ ಹೋದ ಕೈ

ಎವೆಲಿಯೊ ಮೇಷ್ಟ್ರ ಬಾಯಲ್ಲಿ ತಪ್ಪು ಎಂದರೆ ಯಾವಾಗಲೂ ಬೇರೆಯವರದ್ದು. ಮನಿಸಾಲೆಸ್ ಘಟ್ಟದ ರಸ್ತೆಯಲ್ಲಿ ಇಪ್ಪತ್ತಾರು ವರ್ಷದಿಂದ ಬೈಕ್ ಕಲಿಸುತ್ತಿದ್ದವರು. ಯಾರು ಎಲ್ಲಿ ಬಿದ್ದರು, ಯಾಕೆ ಬಿದ್ದರು ಎಂಬುದೆಲ್ಲ ಅವರ ನಾಲಿಗೆಯ ತುದಿಯಲ್ಲಿತ್ತು. ಒಬ್ಬ ತಿರುವಿನ ನಡುವೆ ಗಾಬರಿಯಾಗಿ ಬ್ರೇಕ್ ಹಿಡಿದ, ಇನ್ನೊಬ್ಬ ಹೊಂಡವನ್ನೇ ನೋಡುತ್ತ ಹೊಂಡಕ್ಕೇ ಹೋದ. ಕಣ್ಣು ಎಲ್ಲಿಗೋ ಗಾಡಿಯೂ ಅಲ್ಲಿಗೇ ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಸ್ವಂತ ಮಗಳು ಯುರಾನಿಯನ್ನು ಮಾತ್ರ ರಸ್ತೆಯ ಜಲ್ಲಿಕಲ್ಲು ಜಾರಿಸಿ ಕೊಂದಿತ್ತು. ಮೂರು ವರ್ಷದಿಂದ ಅದೇ ಮಾತು.

ಅವಳು ಸತ್ತದ್ದು ಕಾರ್ಮೆನ್ ಮಾತೆಯ ತಿರುವಿನಲ್ಲಿ. ರಸ್ತೆ ಎಡಕ್ಕೆ ಹೊರಳುತ್ತದೆ, ಬಲಕ್ಕೆ ಪ್ರಪಾತ. ಪ್ರಪಾತದ ಅಂಚಿನಲ್ಲೊಂದು ಗೂಡು, ಅದರಲ್ಲಿ ಗಾಡಿಯವರನ್ನು ಕಾಯುವ ಮಾತೆ. ಅವಳತ್ತ ನೋಡಿ, ಹಣೆ, ಎದೆ, ಭುಜ ಮುಟ್ಟಿ ಶಿಲುಬೆಯ ಗುರುತು ಮಾಡದೆ ಆ ಸೀಮೆಯವರು ಯಾರೂ ದಾಟುವುದಿಲ್ಲ. ಲಾರಿಯವನಾದರೆ ಇನ್ನೊಂದು ಕೈಯಲ್ಲಿ ಸ್ಟೀರಿಂಗ್ ಹಿಡಿದಿರುತ್ತಾನೆ. ಬೈಕಿನವರು ಬಲಗೈ ಎತ್ತಿದರೆ ಆಕ್ಸಿಲರೇಟರೂ ಹೋಯಿತು, ಮುಂದಿನ ಬ್ರೇಕೂ ಹೋಯಿತು. ಮೇಷ್ಟ್ರಿಗೆ ಇಷ್ಟು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಆದರೆ ಪಾಠ ಬೇರೆ, ಮಾತೆ ಬೇರೆ. ಅಲ್ಲಿ ಗುರುತು ಮಾಡದೆ ಹೋದವರು ನನ್ನ ಶಿಷ್ಯರೇ ಅಲ್ಲ ಎಂದು ಮೊದಲ ದಿನವೇ ಹೇಳಿಬಿಡುತ್ತಿದ್ದರು.

ಮಾರ್ಲೆನಿ ಎಂಬ ಹುಡುಗಿ, ಮನೆಮನೆಗೆ ಔಷಧಿ ತಲುಪಿಸುವ ಕೆಲಸಕ್ಕೆಂದು ಬೈಕ್ ಕಲಿಯುತ್ತಿದ್ದವಳು, ಮಂಗಳವಾರ ಬೆಳಿಗ್ಗೆ ಆ ತಿರುವಿಗೆ ಬಂದಳು. ಮೇಷ್ಟ್ರು ತಮ್ಮ ಬೈಕಿನಲ್ಲಿ ಹಿಂದೆಯೇ ಇದ್ದರು. ಅವಳ ಗಾಡಿ ಎಡಕ್ಕೆ ಸೊಗಸಾಗಿ ವಾಲಿತು. ಅಷ್ಟರಲ್ಲಿ ತಲೆ ಗೂಡಿನತ್ತ ತಿರುಗಿತು, ಬಲಗೈ ಹೆಲ್ಮೆಟ್ಟಿಗೆ ಏರಿತು. ವಾಲಿದ್ದ ಗಾಡಿ ನೆಟ್ಟಗಾಗಿ, ಅವಳು ನೋಡುತ್ತಿದ್ದ ಕಡೆಗೇ ಸೀದಾ ಹೋಗಿ ಗೂಡಿನ ಗೋಡೆಗೆ ಬಡಿಯಿತು. ಒಂದು ಮಾರು ಆಚೆಗಾಗಿದ್ದರೆ ಹೆಣವೂ ಸಿಗುತ್ತಿರಲಿಲ್ಲ.

ಭುಜದ ಮೂಳೆ ಮುರಿದಿತ್ತು. ಮೇಷ್ಟ್ರು ಅವಳನ್ನು ಎತ್ತಿ ಕೂರಿಸಿ, ಕೈ ಯಾಕೆ ಬಿಟ್ಟೆ ಎಂದು ಗದರಿದರು.

"ನೀವೇ ಅಲ್ವಾ ಮೇಷ್ಟ್ರೇ ಹೇಳ್ಕೊಟ್ಟಿದ್ದು," ಎಂದಳು. ದನಿಯಲ್ಲಿ ಕೊಂಕಿರಲಿಲ್ಲ.

ಮೇಷ್ಟ್ರು ರಸ್ತೆ ನೋಡಿದರು. ಒಂದೇ ಒಂದು ಜಲ್ಲಿಕಲ್ಲೂ ಇರಲಿಲ್ಲ.

ಮನೆಯಲ್ಲಿ ಹೆಂಡತಿ ಲಿಹಿಯಾ ಮೆಕ್ಕೆಜೋಳದ ಅರೆಪಾ ರೊಟ್ಟಿ ಸುಡುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದ ಮೇಲೆ ಮೇಷ್ಟ್ರು, ಯುರಾನಿಯೂ ಹೀಗೇ ಹೋಗಿರಬೇಕು ಎಂದರು. ಆಕೆ ಒಲೆಯಿಂದ ಮುಖ ತಿರುಗಿಸಲಿಲ್ಲ.

"ನಂಗೊತ್ತು. ಅವಳು ಬಿದ್ದಾಗ ಎದುರಿಂದ ಬಂದ ಲಾರಿಯವನೇ ಮಣ್ಣು ಮಾಡಿದ ದಿನ ಬಂದು ಹೇಳಿದ. ಕೈ ಹಣೆ ಮೇಲಿತ್ತಮ್ಮಾ ಅಂದ."

"ಮೂರು ವರ್ಷ ಬಾಯಿ ಮುಚ್ಕೊಂಡಿದ್ಯಾ?"

"ಹೇಳಿದ್ರೆ ನೀವು ಉಳೀತಿರ್ಲಿಲ್ಲ. ಅವಳು ಹೋದ್ಮೇಲೂ ಅದನ್ನೇ ಕಲಿಸ್ತಿದ್ರಿ, ಅದೂ ಗೊತ್ತಿತ್ತು. ಈ ಹುಡುಗಿ ಮೂಳೆ ಮುರಿದ ಪಾಪ ನಂದೂ ಹೌದು."

ಮೇಷ್ಟ್ರಿಗೆ ಹೆಂಡತಿಯ ಮೇಲೆ ಕೆಂಡದಂಥ ಸಿಟ್ಟು ಬಂತು. ಅವಳ ಮೇಲೆ ಸಿಟ್ಟಾಗುವುದೇ ಸುಲಭವಿತ್ತು. ಅರೆಪಾ ಸೀದುಹೋಯಿತು, ಅಂದು ಇಬ್ಬರೂ ಏನೂ ತಿನ್ನಲಿಲ್ಲ.

ಮರುದಿನ ಉಳಿದ ನಾಲ್ವರು ಶಿಷ್ಯರನ್ನು ತಿರುವಿಗೆ ನೂರು ಹೆಜ್ಜೆ ಮುಂಚೆಯೇ ನಿಲ್ಲಿಸಿದರು. ಜಲ್ಲಿಕಲ್ಲಿನ ಕತೆ ಸುಳ್ಳು ಎಂದರು.

"ನನ್ನ ಮಗಳನ್ನ ಕೊಂದಿದ್ದು ನನ್ನ ಪಾಠ. ಇವತ್ತಿಂದ ಯಾರೂ ಅಲ್ಲಿ ಕೈ ಎತ್ತಬೇಡಿ. ಮಾತೆಗೆ ಮನಸ್ಸಲ್ಲೇ ಹೇಳ್ಕೊಳ್ಳಿ, ಕೇಳಿಸುತ್ತೆ."

ಹೇಗೆ ದಾಟಬೇಕೆಂದು ತೋರಿಸಲು ತಾವೇ ಮುಂದೆ ಹೊರಟರು. ಎರಡನೇ ಗೇರು, ನಿಧಾನದ ಓಟ, ಕಣ್ಣು ತಿರುವಿನ ಕೊನೆಯಲ್ಲಿ. ಗೂಡಿನ ಬಿಳಿ ಗೋಡೆ, ಲಿಹಿಯಾ ಶುಕ್ರವಾರ ಇಟ್ಟ ಹಳದಿ ಹೂವು ಬಲಗಡೆ ಹಾದುಹೋದವು. ಅವರು ಆ ಕಡೆ ನೋಡಲಿಲ್ಲ. ಗಾಡಿ ಯಾಕೋ ತೊನೆದಾಡಿತು. ಆಗ ನೋಡಿಕೊಂಡರೆ ಬಲಗೈ ಎದೆಯ ಮೇಲಿತ್ತು. ಹಣೆ ಮುಟ್ಟಿ ಆಗಿತ್ತು.

ತಡಬಡಿಸಿ ಹ್ಯಾಂಡಲ್ ಹಿಡಿದು, ತಿರುವು ದಾಟಿ ಕನ್ನಡಿ ನೋಡಿದರು. ಹಿಂದೆ ಬರುತ್ತಿದ್ದ ನಾಲ್ವರ ಬಲಗೈಗಳೂ ಒಂದಾದ ಮೇಲೊಂದು ಹಣೆಗೆ ಹೋದವು. ಯುರಾನಿಯೂ ಹೀಗೇ ಅವರ ಬೆನ್ನ ಹಿಂದೆ ಬರುತ್ತಲೇ ಕಲಿತಿದ್ದಳು.