ಕೋಪವೋ ಕಾಯಿಲೆಯೋ

ನಮ್ಮ ಮನೆಯಲ್ಲಿ ಅಪ್ಪನ ಕೋಪಕ್ಕೆ ಸದ್ದಿರಲಿಲ್ಲ. ಸಿಟ್ಟು ಬಂದರೆ ಹೊಲಿಗೆ ಕೋಣೆಗೆ ಹೋಗಿ ಕದ ಹಾಕಿಕೊಳ್ಳುತ್ತಿದ್ದರು, ಸಂಜೆಗೆ ತಾವಾಗಿಯೇ ಹೊರಬರುತ್ತಿದ್ದರು. ಅಲ್ಲಿಯವರೆಗೆ ಯಾರೂ ಕದ ತಟ್ಟುವಂತಿರಲಿಲ್ಲ. ಅವತ್ತು ಬೆಳಿಗ್ಗೆ ಕಿಟಕಿಯ ಪರದೆಯ ವಿಷಯಕ್ಕೆ ಅಮ್ಮನ ಜೊತೆ ಜಟಾಪಟಿಯಾಗಿ ಒಳಗೆ ಹೋದವರು ಊಟಕ್ಕೂ ಏಳಲಿಲ್ಲ.

"ಈ ಸಲ ಮುನಿಸು ಜೋರಾಗಿದೆ. ಹೊಟ್ಟೆ ಚುರುಗುಟ್ಟಿದ್ರೆ ಬರ್ತಾರೆ ಬಿಡು," ಎಂದಳು ಅಮ್ಮ.

ಹೊಲಿಗೆ ಮೆಷಿನ್ನಿನ ಸದ್ದೂ ಕೇಳದಿದ್ದಾಗ ನಾನೇ ಕದ ತೆರೆದೆ. ಅಪ್ಪ ಕುರ್ಚಿಯಲ್ಲಿ ಬಲಕ್ಕೆ ವಾಲಿದ್ದರು. ಬಾಯಿಯ ಒಂದು ಮೂಲೆ ಜಾರಿತ್ತು. ಕಣ್ಣು ನನ್ನನ್ನೇ ನೋಡುತ್ತಿತ್ತು, ಮಾತು ಮಾತ್ರ ಹೊರಡಲಿಲ್ಲ.

ಆಸ್ಪತ್ರೆಯ ಡಾಕ್ಟರಮ್ಮನಿಗೆ ಸ್ಟ್ರೋಕ್ ಎಂಬ ಅನುಮಾನ. ಶುರುವಾದದ್ದು ಯಾವಾಗ ಎಂದು ಬಿಡದೆ ಕೇಳಿದರು. ಮೆದುಳಿನ ನಾಳದಲ್ಲಿ ಸಿಕ್ಕಿಕೊಂಡ ರಕ್ತದ ಹೆಪ್ಪನ್ನು ಕರಗಿಸುವ ಔಷಧಿಯಿತ್ತು. ಹೊತ್ತು ಮೀರಿ ಕೊಟ್ಟರೆ ಅದೇ ರಕ್ತಸ್ರಾವ ತಂದು ಜೀವ ತೆಗೆಯಬಹುದು. ಕೊಡದಿದ್ದರೆ ಹೋದ ಮಾತು ಮರಳುವ ಆಸೆ ಕಡಿಮೆ.

"ಬೆಳಿಗ್ಗೆಯಿಂದ ಮುನಿಸ್ಕೊಂಡು ಮಾತಾಡಿಲ್ಲ," ಎಂದಳು ಅಮ್ಮ.

"ಅದು ಕೋಪಾನೋ, ಕಾಯಿಲೇನೋ?" ಎಂದರು ಡಾಕ್ಟರಮ್ಮ.

ಅಮ್ಮ ನನ್ನ ಮುಖ ನೋಡಿದಳು. ಗಂಡನ ಕೆಮ್ಮಿನಲ್ಲೇ ಮನಸ್ಸು ಓದುತ್ತಿದ್ದವಳಿಗೆ, ಮುನಿಸು ಎಲ್ಲಿ ಮುಗಿದು ರೋಗ ಎಲ್ಲಿ ಶುರುವಾಯಿತೆಂದು ಗೊತ್ತಿರಲಿಲ್ಲ.

ಹಾಗಿದ್ದರೆ ಮೆದುಳನ್ನೇ ಕೇಳೋಣ ಎಂದರು ಡಾಕ್ಟರಮ್ಮ. ಸ್ಕ್ಯಾನ್ ಕೋಣೆಯೊಳಗೆ ಲೋಹದ ಚೂರೂ ಹೋಗಬಾರದಂತೆ. ಅಮ್ಮ ಬಗ್ಗಿ, ಅಪ್ಪನ ಅಂಗಿಯಲ್ಲಿ ದರ್ಜಿಗಳು ಮರೆಯುವ ಜಾಗವಾದ ಕಾಲರಿನ ಒಳಮಡಿಕೆಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದಳು. ಅಪ್ಪನ ಮಂಚ ದುಂಡನೆಯ ಗವಿಯೊಳಗೆ ಸರಿಯಿತು. ಗೋಡೆಯಾಚೆಗೆ ಯಂತ್ರ ಧಡಧಡ ಬಡಿಯತೊಡಗಿತು.

ಕಂಪ್ಯೂಟರಿನ ಪರದೆಯ ಮೇಲೆ ಅಪ್ಪ ಮೂಡಿದರು. ಮೂಗು, ಮೀಸೆ ಯಾವುದೂ ಇಲ್ಲದ, ನಾವು ಎಂದೂ ಕಾಣದ ಅಪ್ಪ. ಬೂದು ಬಣ್ಣದ ಮಡಿಕೆಗಳ ನಡುವೆ, ಎಡಭಾಗದಲ್ಲಿ, ಹೆಬ್ಬೆರಳಿನಷ್ಟು ಬೆಳಗುವ ಕಲೆ. ಡಾಕ್ಟರಮ್ಮ ಅದರ ಪಕ್ಕಕ್ಕೇ ಇನ್ನೊಂದು ಬಗೆಯ ಚಿತ್ರ ತಂದರು. ಅದರಲ್ಲಿ ಆ ಜಾಗ ಶುಭ್ರವಾಗಿತ್ತು.

"ಹಳೇದಾಗಿದ್ರೆ ಎರಡರಲ್ಲೂ ಕಾಣ್ತಿತ್ತು. ಇದು ಈಗ ಸ್ವಲ್ಪ ಹೊತ್ತಿಗೆ ಮುಂಚೆ ಆಗಿರೋದು," ಎಂದರು. ಮೆದುಳಿನೊಳಗೆ ರಕ್ತವೂ ಸುರಿದಿರಲಿಲ್ಲ. ಔಷಧಿ ಕೊಡಬಹುದಿತ್ತು.

ಬೆಳಗಿನ ಮೌನ ಅಪ್ಪನದೇ. ಅದರೊಳಗೆ ಇನ್ನೊಂದು ಮೌನ ಸದ್ದಿಲ್ಲದೆ ಬಂದು ಸೇರಿಕೊಂಡಿತ್ತು. ಮುಚ್ಚಿದ ಕದದ ಹಿಂದೆ ನಡೆದದ್ದಕ್ಕೆ, ಯಾರೂ ನೋಡದ ಆ ಗಳಿಗೆಗೆ, ಅವರ ತಲೆಯೊಳಗೇ ಗುರುತು ಉಳಿದಿತ್ತು.

"ಮಾತು ಇರೋದು ಇಲ್ಲೇನಾ?" ಅಮ್ಮ ಪರದೆಯ ಹತ್ತಿರ ಬೆರಳು ಒಯ್ದು, ಮುಟ್ಟದೆ ಕೇಳಿದಳು. ಡಾಕ್ಟರಮ್ಮ ಹೌದೆಂದರು. "ಇಷ್ಟೇ ಜಾಗದಲ್ಲಾ," ಎಂದು ನಿಂತೇ ಇದ್ದಳು. ನನಗೂ ಅಲ್ಲಿಂದ ಕಣ್ಣು ಕೀಳಲಾಗಲಿಲ್ಲ.

ಔಷಧಿ ಇಳಿದು ಮುಗಿದು ಬಹಳ ಹೊತ್ತಿನ ಮೇಲೆ ಅಪ್ಪನ ತುಟಿ ತಡವರಿಸಿತು. "ನೀ... ನೀರು."

ನುಂಗುವ ಶಕ್ತಿ ಪರೀಕ್ಷಿಸದೆ ಕೊಡುವಂತಿಲ್ಲ ಎಂದಳು ನರ್ಸ್. ಅಪ್ಪ ಹುಬ್ಬು ಗಂಟಿಕ್ಕಿ, ಈ ಸಲ ಸ್ವಲ್ಪ ಗದರಿಸಿಯೇ ಕೇಳಿದರು. ಅಮ್ಮ ಮಂಚದ ಕಂಬಿ ಹಿಡಿದು ಬಗ್ಗಿದಳು.

"ಕೊಡ್ತಾರೆ ರೀ," ಎಂದಳು ಮೆಲ್ಲಗೆ. "ಇನ್ನೊಂದ್ಸಲ ಕೇಳಿ."