ಬಿಗಿಯಾಗದ ನಟ್ಟು

"ಅತ್ತಿಗೆ, ಸ್ವಲ್ಪ ಸರೀರಿ," ಎಂದ ಮೈದುನ, ಹಗ್ಗ ಎಳೆಯುತ್ತಾ. ಅಣ್ಣನ ಶವಪೆಟ್ಟಿಗೆಯನ್ನು ಶೆಡ್ಡಿನಲ್ಲಿ ನಿಂತಿದ್ದ ಗಾಡಿಯ ಹಿಂಭಾಗಕ್ಕೆ ಕಟ್ಟುತ್ತಿದ್ದರು. ಅವಳು ಸರಿಯಲಿಲ್ಲ. ಹಿಂದಿನ ಎಡಚಕ್ರವನ್ನೇ ನೋಡುತ್ತಿದ್ದಳು. ಐದು ನಟ್ಟು, ಐದರ ಮೇಲೂ ಹಳದಿ ಗೆರೆ.

ಮಸಣ ಗುಡ್ಡದ ನೆತ್ತಿಯಲ್ಲಿತ್ತು. ದಾರಿ ಅಂತ ಹೇಳಿಕೊಳ್ಳುವಂಥದ್ದೇನೂ ಇಲ್ಲ, ಬರೀ ಕಲ್ಲು, ಕೊರಕಲು. ಹತ್ತುವುದು ಇದೊಂದೇ ಗಾಡಿ. ಹನ್ನೆರಡು ವರ್ಷದಿಂದ ಇದರ ನಟ್ಟು ಬೋಲ್ಟು ನೋಡಿಕೊಂಡು ಬಂದವನು ಅವಳ ಗಂಡ.

"ನಮ್ಮ ಇನ್ನೊಂದ್ಸಲದಣ್ಣ ನೋಡಿದ ಗಾಡಿ. ಭಯಾನೇ ಬೇಡ," ಎಂದ ಡ್ರೈವರ್. ಬಿಗಿದಿದ್ದನ್ನೇ 'ಇನ್ನೊಂದ್ಸಲ ನೋಡ್ತೀನಿ' ಅಂತ ಮತ್ತೆ ಬಿಗಿಯುತ್ತಿದ್ದವನಿಗೆ ಆ ಹೆಸರು ಇಟ್ಟವನೂ ಇವನೇ. "ಊಟ ಆದ್ಮೇಲೂ ಹೊಟ್ಟೆ ತುಂಬ್ತಾ ಅಂತ ಇನ್ನೊಂದ್ಸಲ ನೋಡ್ಕೊಳ್ಳೋ ಮನುಷ್ಯ," ಎಂದು ನಗಲು ಹೋಗಿ ಕಣ್ಣೊರೆಸಿಕೊಂಡ.

ಅವಳು ಗಾಡಿಯ ಮುಂದೆ ಹೋದಳು, ಹಿಂದೆ ಬಂದಳು, ಮತ್ತೆ ಮುಂದೆ ಹೋದಳು. ದುಃಖ, ಪಾಪ, ಅಂದುಕೊಂಡರು ಜನ.

*

ಮೊನ್ನೆ ಸಂಜೆ ಇದೇ ಶೆಡ್ಡಿನಲ್ಲಿ ಗಂಡ ಕೊನೆಯ ಚಕ್ರಕ್ಕೆ ಬಂದಿದ್ದ. ಬಿಗಿ ಸಾಕಾದಾಗ 'ಟಕ್' ಅನ್ನುವ ಉದ್ದನೆಯ ಪಾನಾ ಅವನದು. ಟಕ್ ಅಂದ ಮೇಲೆ ನಟ್ಟಿನಿಂದ ಚಕ್ರದವರೆಗೆ ಒಂದೇ ಗೆರೆ. ನಟ್ಟು ಸಡಿಲಾಗಿ ತಿರುಗಿದರೆ ಗೆರೆ ತುಂಡಾಗಿ ಡ್ರೈವರಿಗೆ ಕಾಣುತ್ತದೆ. ಅವನ ಕೈ ನಡುಗಲು ಶುರುವಾದ ಮೇಲೆ ಗೆರೆ ಎಳೆಯುವ ಕೆಲಸ ಅವಳದು.

ಅವತ್ತು ಮೈಭಾರವೆಲ್ಲ ಹಾಕಿ ಎಳೆದ. ಟಕ್ ಅನ್ನಲಿಲ್ಲ. ಕಿವಿಯೂ ಮಂದವಾಗಿತ್ತು ಅವನಿಗೆ.

"ಟಕ್ ಅಂತಾ?" ಎಂದು ಕೇಳಿದ, ಏದುಸಿರು ಬಿಡುತ್ತಾ.

ಅವಳು ಅವನ ಮುಖ ನೋಡಿದಳು. "ಅಂತು."

ಐದು ಸಲ ಕೇಳಿದ, ಐದು ಸಲವೂ ಅಂತು ಅಂದಳು. ಅಂದದ್ದಕ್ಕೆಲ್ಲ ಗೆರೆ ಎಳೆದಳು.

"ಇನ್ನೊಂದ್ಸಲ ನೋಡ್ಲಾ?"

"ಬೇಡ ಏಳಿ, ಊಟ ಆರಿಹೋಗತ್ತೆ."

ಜನ್ಮದಲ್ಲಿ ಮೊದಲ ಸಲ ಅವನು ಅವಳ ಮಾತು ಕೇಳಿ ಪಾನಾ ಕೆಳಗಿಟ್ಟ. ಬೆಳಿಗ್ಗೆ ಯಾರನ್ನಾದರೂ ಕರೆದು ಬಿಗಿಸಿದರಾಯಿತು ಅಂದುಕೊಂಡಿದ್ದಳು. ಬೆಳಿಗ್ಗೆ ಅವನು ಏಳಲೇ ಇಲ್ಲ.

*

ಹೊರುವುದಕ್ಕೆಂದು ಆರು ಜನ ಪೆಟ್ಟಿಗೆಯ ಸುತ್ತ ಹತ್ತಿ ಕೂತರು. ಎಂಜಿನ್ ಗುರ್ ಎಂದಿತು. ಹೇಳಿದರೆ ಸತ್ತವನ ಕೆಲಸಕ್ಕೆ ಕೆಟ್ಟ ಹೆಸರು. ಹೇಳದಿದ್ದರೆ ಈ ಆರು ಜನ, ಡ್ರೈವರ್, ಆ ಕೊರಕಲು. ಅವಳು ಹೋಗಿ ಗಾಡಿಗೆ ಅಡ್ಡ ನಿಂತಳು.

"ಇಳೀರಿ ಎಲ್ಲಾ."

"ಅತ್ತಿಗೆ, ಹೊತ್ತಾಯ್ತು. ಮೇಲೆ ಜನ ಕಾಯ್ತಿದಾರೆ," ಎಂದ ಮೈದುನ.

"ಕಾಯ್ಲಿ. ಅವರ ಪಾನಾ ಎಲ್ಲಿ?"

ಡ್ರೈವರ್ ಬಗ್ಗಿ ಚಕ್ರ ನೋಡಿದ. "ಗೆರೆ ಇದೆಯಲ್ಲಕ್ಕಾ, ಒಂದೂ ಮುರಿದಿಲ್ಲ."

"ಗೆರೆ ಎಳೆದೋಳು ನಾನು. ಟಕ್ ಅನ್ನದೇ ಇದ್ರೂ ಅಂತು ಅಂದೆ. ಅವರು ನನ್ನ ನಂಬಿದ್ರು."

ಆರು ಜನರೂ ಒಬ್ಬೊಬ್ಬರಾಗಿ ಇಳಿದರು. ಡ್ರೈವರ್ ಪಾನಾ ತಂದವನು, "ಬಿಡಕ್ಕಾ, ನಾನೇ ಬಿಗೀತೀನಿ," ಅಂದ. ಅವಳು ಕಿತ್ತುಕೊಂಡಳು.

ನಟ್ಟಿಗೆ ಸಿಕ್ಕಿಸಿ, ಹಿಡಿಯ ಮೇಲೆ ಎರಡೂ ಕೈ ಊರಿ ಮೈಭಾರ ಬಿಟ್ಟಳು. ನಟ್ಟು ತಿರುಗಿತು. ಹಳದಿ ಗೆರೆ ಎರಡು ತುಂಡಾಯಿತು, ಅರ್ಧ ನಟ್ಟಿನ ಮೇಲೆ, ಅರ್ಧ ಚಕ್ರದ ಮೇಲೆ. ಆಮೇಲೆ ಟಕ್. ಐದನೆಯದು ಮುಗಿಯುವಷ್ಟರಲ್ಲಿ ಅಂಗೈ ಕೆಂಪಾಗಿತ್ತು. ಹಳೇ ಗೆರೆಗಳನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಹೊಸದು ಎಳೆದಳು. ಮಿಕ್ಕ ಮೂರು ಚಕ್ರಗಳಿಗೂ ಪಾನಾ ಹಾಕಿದಳು; ಅವನು ಬಿಗಿದಿದ್ದ ಆ ನಟ್ಟುಗಳು ಹಾಕಿದ ತಕ್ಷಣ ಟಕ್ ಅಂದವು. ಅಲ್ಲಿ ಅವಳಿಗೆ ಅಳು ಬಂತು.

"ಹೊರಡೋಣವಾ ಅತ್ತಿಗೆ?" ಮೈದುನ ಮೆಲ್ಲಗೆ ಕೇಳಿದ. ಜನ ಮತ್ತೆ ಹತ್ತಿದರು. ಡ್ರೈವರ್ ಎಂಜಿನ್ ಚಾಲೂ ಮಾಡಿದ.

ಅವಳು ಕೈ ಎತ್ತಿದಳು.

"ಇನ್ನೊಂದ್ಸಲ," ಎಂದು ಹಿಂದಿನ ಎಡಚಕ್ರದ ಮುಂದೆ ಮತ್ತೆ ಕುಕ್ಕರುಗಾಲಲ್ಲಿ ಕೂತಳು.

ಡ್ರೈವರ್ ಎಂಜಿನ್ ಆರಿಸಿದ. ಪೆಟ್ಟಿಗೆಯ ಸುತ್ತ ಕೂತ ಆರು ಜನ ಬಗ್ಗಿ, ಉಸಿರು ಹಿಡಿದು, ಟಕ್ ಅನ್ನುವುದಕ್ಕೆ ಕಿವಿಗೊಟ್ಟರು.