ಮಡಚಿದ ಬೀಸಣಿಗೆ

ಆಲ್ಸಿಡೆಸ್‌ಗೆ ವಯಸ್ಸು ಅರವತ್ತು ದಾಟಿದ್ದರೂ ಅವನ ಹೊಟ್ಟೆಕಿಚ್ಚಿಗೆ ಇನ್ನೂ ಇಪ್ಪತ್ತರ ಪ್ರಾಯ. ಮೊಂಟೆವಿಡಿಯೋದ ಆ ಕೇರಿಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಹೆಂಡತಿ ನೆಲಿಡಾ ಬ್ರೆಡ್ ಅಂಗಡಿಯವನ ಜೊತೆ ನಕ್ಕು ಮಾತಾಡಿದರೆ ಸಾಕು, ಅವತ್ತು ಅವನಿಗೆ ಬ್ರೆಡ್ಡು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಕಾರ್ನಿವಲ್ ತಂಡದಲ್ಲಿ ಅವನದು ನಾಟಿವೈದ್ಯ ಮುದುಕನ ವೇಷ. ಹತ್ತಿಯ ಗಡ್ಡ, ಎತ್ತರದ ಟೋಪಿ, ಕೋಲು, ಬೇರುನಾರು ತುಂಬಿದ ಪುಟ್ಟ ಪೆಟ್ಟಿಗೆ. ಡೋಲಿನ ಏಟಿಗೆ ಮೈ ನಡುಗಿಸುತ್ತ, ಎದೆ ಹಿಡಿದು ನಿಂತು, ಈಗ ಬಿದ್ದ ಆಗ ಬಿದ್ದ ಎನ್ನುವಂತೆ ತೂರಾಡಬೇಕು. ಜೊತೆಗಿರುವ ಅಜ್ಜಿ ಬೀಸಣಿಗೆಯಲ್ಲಿ ಗಾಳಿ ಹಾಕಿದೊಡನೆ ಜೀವ ಬಂದವನಂತೆ ಮತ್ತೆ ಕುಣಿಯಬೇಕು. ಆ ಅಜ್ಜಿ ನೆಲಿಡಾ. ಈ ವರ್ಷವಂತೂ ಅವನು ಎದೆ ಹಿಡಿದು ನಿಂತರೆ ಜನ ಚಪ್ಪಾಳೆ ನಿಲ್ಲಿಸುತ್ತಿರಲಿಲ್ಲ. ತನ್ನ ಕಲೆ ಮಾಗಿದೆ ಎಂದು ಅವನು ಬೀಗುತ್ತಿದ್ದ.

ರಕ್ತದೊತ್ತಡ ತೋರಿಸಲು ಹೋದಾಗ ಡಾಕ್ಟರಮ್ಮ ಪೆರೇರಾ ಎದೆಗೆ ಕೊಳವೆ ಇಟ್ಟವರು ಬಹಳ ಹೊತ್ತು ತೆಗೆಯಲಿಲ್ಲ. ಸ್ಕ್ಯಾನ್ ಆಯಿತು.

"ಹೃದಯದಿಂದ ರಕ್ತ ಹೊರಗೆ ಬಿಡೋ ಕವಾಟ ಗಟ್ಟಿಯಾಗಿದೆ. ಬಾಗಿಲು ಸಂದಿಯಷ್ಟೇ ತೆರೀತಿದೆ. ಉಸಿರು ಕಟ್ಟುತ್ತಾ? ತಲೆ ಸುತ್ತುತ್ತಾ?"

"ಏನೂ ಇಲ್ಲ. ಬೀದಿಯುದ್ದ ಕುಣಿಯೋನು ನಾನು."

"ತೊಂದರೆ ಶುರುವಾಗೋವರೆಗೂ ಕಾಯಬಹುದು ಅನ್ನೋ ಡಾಕ್ಟರು ಇದ್ದಾರೆ. ನಿಮ್ಮ ಕವಾಟ ನೋಡಿದ್ರೆ ನಂಗೆ ಧೈರ್ಯ ಬರ್ತಿಲ್ಲ. ನಮ್ಮ ಕಣ್ಣೆದುರು ಟ್ರೆಡ್‌ಮಿಲ್ ಮೇಲೆ ನಡೆದು ತೋರ್ಸಿ. ಏನಾದ್ರೂ ಕಂಡ್ರೆ ಗಟ್ಟಿಮುಟ್ಟಾಗಿರುವಾಗ್ಲೇ ಆಪರೇಷನ್ ಮಾಡ್ಬಿಡೋಣ."

"ಕಾರ್ನಿವಲ್ ಮುಗೀಲಿ, ನೋಡೋಣ."

ಜೊತೆಗೆ ಬಂದಿದ್ದ ನೆಲಿಡಾ ದಾರಿಯುದ್ದಕ್ಕೂ ಅವನ ತೋಳು ಹಿಡಿದೇ ನಡೆದಳು. ಆಪರೇಷನ್ನಿನ ಕತ್ತರಿಗೆ ಅವನು ಹೆದರಿರಲಿಲ್ಲ. ಹೆದರಿಕೆಯೆಲ್ಲ ಎಡಿಸನ್ ಬಗ್ಗೆ. ಎಡಿಸನ್ ಡೋಲಿನವರ ಮುಖ್ಯಸ್ಥ, ಹೆಂಡತಿ ತೀರಿಹೋದವನು, ಹೆಗಲು ಬಾಗಿಲಿನಷ್ಟು ಅಗಲ. ಕುಣಿತದ ನಡುವೆ ನೆಲಿಡಾ ಫಟ್ಟನೆ ಬೀಸಣಿಗೆ ಮಡಚಿ ಅವನತ್ತ ನೋಡುವುದನ್ನೂ, ಅವನು ಗೋಣು ಹಾಕುವುದನ್ನೂ ಆಲ್ಸಿಡೆಸ್ ಎಷ್ಟೋ ಸಲ ಕಂಡಿದ್ದ. ತಾನು ಹಾಸಿಗೆ ಹಿಡಿದರೆ ಈ ಕಣ್ಣಾಟ ಎಲ್ಲಿಗೆ ಮುಟ್ಟೀತು ಎಂದು ನೆನೆದರೇ ಮೈ ಉರಿಯುತ್ತಿತ್ತು.

ಭಾನುವಾರದ ತಾಲೀಮು. ಬೀದಿಬದಿಯಲ್ಲಿ ಬೆಂಕಿ ಹಾಕಿ ಡೋಲು ಕಾಯಿಸುತ್ತಿದ್ದರು. ಆಲ್ಸಿಡೆಸ್ ಹೆಂಡತಿಯ ಕೈಯಿಂದ ಬೀಸಣಿಗೆ ಕಿತ್ತು ಕೋಟಿನ ಜೇಬಿಗೆ ತುರುಕಿದ.

"ಇವತ್ತು ಇದಿಲ್ದೆ ಕುಣಿ."

"ತಲೆ ಕೆಟ್ಟಿದ್ಯಾ ಮುದುಕಾ? ಕೊಡಿಲ್ಲಿ!"

"ಯಾಕೆ? ಇದಿಲ್ದೆ ಯಾರಿಗೋ ಸುದ್ದಿ ಮುಟ್ಟಲ್ವೇನೋ?"

ಅವಳ ಮುಖ ಬಿಳಿಚಿತು. ಸಿಕ್ಕಿಬಿದ್ದಳು ಎಂದುಕೊಂಡ. ಅಷ್ಟರಲ್ಲಿ ಡೋಲು ಎದ್ದಿತು, ಅವನೂ ಎದ್ದ. ಆ ರೋಷದಲ್ಲಿ ಎಂದೂ ಕುಣಿಯದ ಹಾಗೆ ಕುಣಿದ. ಮೂಲೆ ತಿರುಗುವಾಗ ಎದೆ ಬಿಗಿಯಿತು, ನಿಂತ. ಯಾವಾಗಲೂ ಅವನು ನಿಂತಾಗ ಡೋಲು ತುಸು ತಗ್ಗುತ್ತಿತ್ತು, ಇವತ್ತು ತಗ್ಗಲಿಲ್ಲ. ನೆಲಿಡಾ ಬರಿಗೈ ಬೀಸಿ ಕೂಗಿದ್ದು ಆ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಹಟಕ್ಕೆ ಬಿದ್ದು ಇನ್ನೆರಡು ಹೆಜ್ಜೆ ಹಾಕಿದ. ಕಣ್ಣು ಕತ್ತಲಿಟ್ಟಿತು.

"ಭಲೇ ಅಜ್ಜಾ! ಸಾಯೋದಂದ್ರೆ ಹೀಗ್ ಸಾಯ್ಬೇಕು ನೋಡು!" ಎಂದು ಯಾರೋ ಶಿಳ್ಳೆ ಹೊಡೆದರು. ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು.

ಎಚ್ಚರವಾದಾಗ ಅವನ ತಲೆ ಎಡಿಸನ್‌ನ ತೊಡೆಯ ಮೇಲಿತ್ತು. ಸತ್ತಿದ್ದರೇ ವಾಸಿಯಿತ್ತು ಅನ್ನಿಸಿತು.

"ಕೈ ತೆಗಿ."

"ಬೀಸಣಿಗೆ ಎಲ್ಲಣ್ಣಾ?" ಎಡಿಸನ್ ಕೈ ತೆಗೆಯಲಿಲ್ಲ. "ಅಕ್ಕ ಬೀಸಣಿಗೆ ಮಡಚಿದ್ರೆ ನಾನು ಡೋಲು ನಿಧಾನ ಮಾಡ್ಬೇಕು, ನೀನು ಸುಧಾರಿಸ್ಕೊಳ್ಳೋ ತನಕ. ನಿಂಗೆ ಗೊತ್ತಾಗ್ಬಾರ್ದು ಅಂದಿದ್ರು. ಇವತ್ತು ಮಡಚ್ಲೇ ಇಲ್ಲ. ಅದಕ್ಕೆ ನಾನು, ನೀನು ನಾಟಕ ಆಡ್ತಿದ್ದೀಯ ಅಂದ್ಕೊಂಡೆ."

ಬೀಸಣಿಗೆ ಆಲ್ಸಿಡೆಸ್‌ನ ಜೇಬಿನಲ್ಲಿ ಪಕ್ಕೆಗೆ ಒತ್ತುತ್ತಿತ್ತು. ಅವನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಇವರಿಬ್ಬರೂ ತನ್ನ ಬೆನ್ನ ಹಿಂದೆ ತನ್ನ ಉಸಿರು ಲೆಕ್ಕ ಹಾಕುತ್ತಿದ್ದರಲ್ಲ ಎಂದು ಮತ್ತೆ ಹೊಟ್ಟೆಕಿಚ್ಚೇ ಆಯಿತು.

ಆಸ್ಪತ್ರೆಯಲ್ಲಿ ಪೆರೇರಾ ಮಂಚದ ಪಕ್ಕ ಕೂತರು. "ತಲೆ ಸುತ್ತೋದು ಇವತ್ತೇ ಮೊದಲಾ?"

ಹೌದು ಎಂಬ ಸುಳ್ಳು ತುದಿನಾಲಿಗೆಗೆ ಬಂದಿತ್ತು. ನೆಲಿಡಾ ಬಾಯಿ ತೆರೆದಳು. "ಚಳಿಗಾಲದಿಂದ ಹೀಗೇ ಡಾಕ್ಟ್ರೇ. ನಾನೂ ಮುಚ್ಚಿಟ್ಟೆ. ಕುಣಿತ ನಿಂತ್ರೆ ಈತ ಕೊರಗಿಯೇ ಸಾಯ್ತಾನೆ ಅಂದ್ಕೊಂಡೆ."

"ಹಾಗಾದ್ರೆ ಇನ್ನು ಕಾಯೋ ಮಾತೇ ಇಲ್ಲ," ಎಂದರು ಪೆರೇರಾ. "ಈ ವಾರವೇ ಆಗ್ಬೇಕು. ಒಪ್ಪಿಗೆ ನಿಮ್ಮದು."

ಆಲ್ಸಿಡೆಸ್ ಹೆಂಡತಿಯನ್ನೇ ನೋಡಿದ. "ನಾನು ಎದೆ ಹೊಲಿಸ್ಕೊಂಡು ಮಲಗಿರ್ತೀನಿ. ಕಾರ್ನಿವಲ್‌ಗೆ ನಿನ್ ಜೊತೆ ಯಾರು ಕುಣೀತಾರೆ?"

"ಯಾರಾದ್ರೂ."

"ನೀನು ಕುಣಿಯೋದಂತೂ ಖಂಡಿತ?"

"ಖಂಡಿತ. ಚೆಲುವನೊಬ್ಬ ಸಿಕ್ಕಿದ್ರೆ ಇನ್ನೂ ಒಳ್ಳೇದು."

"ನನ್ ಹೊಟ್ಟೆ ಉರಿಯುತ್ತೆ, ನೆಲಿಡಾ."

"ಉರೀಲಿ. ಉರ್ಕೊಳ್ಳೋಕಾದ್ರೂ ನೀನು ಇರ್ಬೇಕಲ್ಲ!" ಎಂದಳು. ಮುಖ ತಿರುಗಿಸಿಕೊಂಡು ಅತ್ತಳು.

ಆಲ್ಸಿಡೆಸ್ ಡಾಕ್ಟರಿಗೆ ಆಗಲಿ ಎಂದ. ಆ 'ಯಾರಾದ್ರೂ' ಯಾರಿರಬಹುದೆಂದು ಮನಸ್ಸಿನಲ್ಲೇ ಕೇರಿಯ ಗಂಡಸರನ್ನೆಲ್ಲ ಒಬ್ಬೊಬ್ಬರನ್ನಾಗಿ ಬೈಯಲು ಶುರುಮಾಡಿದ.